ಮರದ ಪರವಾಗಿ ಮಾತಾಡುವವರಾರು?

ಕಲ್ಪಿತ ದೇವತೆಗಳ ಕಥೆಯಿಂದ ಗೃಹಸ್ಥರಿಗೇನು ಪ್ರಯೋಜನವೆಂದು ವಾಚಕರು ಕೇಳಬಹುದು. ಈ ತಿಂಗಳು ನಾವು ಅಂತಹ ಕಥೆಯೊಂದನ್ನೇ ಅವರ ಮುಂದಿಡುತ್ತೇವೆ.

ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕಿನರು 1973ರಲ್ಲಿ ತೀರಿಕೊಂಡರು. ಅವರ ಮಗನು ಸಂಪಾದಿಸಿ 1977ರಲ್ಲಿ ಪ್ರಕಟಿಸಿದ ‘ಸಿಲ್ಮರಿಲಿಯನ್’ ಎಂಬ ಗ್ರಂಥದಲ್ಲಿ ಯವನ್ನಾ ಎಂಬ ದೇವಿಯಿರುವಳು. ನೆಲದಲ್ಲಿ ಬೆಳೆಯುವುದೆಲ್ಲವೂ ಅವಳ ಪಾಲನೆಯದು. ಅದರಲ್ಲಿಯೂ ಮರಗಳೆಂದರೆ ಅವಳಿಗೆ ಪ್ರಾಣ. ಅವಳ ಪತಿ ಔಲೆಯು ಕಮ್ಮಟದ ಕೆಲಸಕ್ಕೆ ಅಧಿದೇವತೆ. ಅವನು ಗುಟ್ಟಾಗಿ ಕುಬ್ಜರೆಂಬ ಜನರನ್ನು ನಿರ್ಮಿಸಿದನು. ಅವರ ಕೊಡಲಿಗೆ ತನ್ನ ವನಗಳು ಗುರಿಯಾಗುವುವೆಂದು ದೇವಿಗೆ ಕಳವಳವಾಯಿತು. ಮೃಗಗಳಾದರೆ ಓಡಿಯಾವು, ತಿರುಗಿಬಿದ್ದಾವು. ಬೇರೂರಿದ ಮರವೇನು ಮಾಡೀತು? ಅವಳು ದೇವರಾಜನಾದ ಮನ್ವೆಯಲ್ಲಿ ಮೊರೆಯಿಟ್ಟಳು. ವನಗಳಲ್ಲಿ ವೃಕ್ಷಪಾಲಕರು ಸಂಚರಿಸುವರೆಂಬ ಅಭಯ ದೊರೆಯಿತು. ಹರ್ಷದಿಂದ ಮರಳಿ ಬಂದವಳು ಪತಿಗೆ ಎಚ್ಚರಿಕೆ ಹೇಳಿದಳು. ಆದರೂ ತನ್ನ ಮಕ್ಕಳಿಗೆ ಮರಮುಟ್ಟು ಬೇಕಾಗಿಯೇ ಆಗುವುದೆಂದು ನುಡಿದು, ಅವನು ತನ್ನ ಕುಲುಮೆಯ ಕೆಲಸಕ್ಕೆ ತಿರುಗಿದನು.

ಈ ದಂಪತಿಗಳ ವಾದವು ಅಲ್ಲಿಗೆ ಮುಗಿದುದಲ್ಲ. ನಮ್ಮ ಮನೆಗಳಲ್ಲಿ ಇಂದಿಗೂ ನಡೆದಿರುವುದು. ಬಾಗಿಲು, ತೊಟ್ಟಿಲು, ನೇಗಿಲುಗಳೆಲ್ಲ ಮರದಿಂದಲೇ ಆದುವು. ಆದುದರಿಂದ ಔಲೆಯ ಮಾತು ಸುಳ್ಳಲ್ಲ. ಆದರೆ ಅವನ ಪರವಾಗಿ ವಾದಿಸಲು ನಮ್ಮ ಅಗತ್ಯವೇ ಸದಾ ಸಿದ್ಧವಾಗಿರುವುದು. ಮರದ ಪರವಾಗಿ ಯಾರಿರುವರು? ಹಿತ್ತಿಲಿನ ಮರಕ್ಕೆ ಕೊಡಲಿಯಿಡುವ ಮುನ್ನ ಮನೆಯವರಲ್ಲಿ ಒಬ್ಬರಾದರೂ ಅದರ ವಕಾಲತ್ತು ವಹಿಸಲೆಂದು ನಾವು ಬಿನ್ನವಿಸುತ್ತೇವೆ. ಅನಿವಾರ್ಯವಾದರೆ ಕಡಿಯೋಣ, ವಿಚಾರಿಸದೆ ಕಡಿಯದಿರೋಣ.