ಕೊಂದವನಿಗೆ ಪಾಲಿಲ್ಲ

ಮೈಲೂರಿನ ಸಂಘದ ಅಕ್ಕತಂಗಿಯರೇ,

ಸೊಸೆ ಸುಟ್ಟು ಸತ್ತ ಮನೆಯಲ್ಲೇ ಅವಳ ತವರಿನ ಬಂಗಾರ ಉಳಿಯುತ್ತದೆ. 'ಮಗಳೇ ಹೋದಳು, ಸಾಮಾನು ಯಾಕೆ' ಎಂದು ಹೆತ್ತವರು ಸುಮ್ಮನಾಗುತ್ತಾರೆ. ನಾನಿದನ್ನು ಒಪ್ಪುವುದಿಲ್ಲ.

ಕೊಲೆಗಾರ ಸತ್ತವರ ಆಸ್ತಿಗೆ ವಾರಸುದಾರನಲ್ಲ. ಅವನು ಇಲ್ಲವೇ ಇಲ್ಲವೆಂದು ತಿಳಿಯಬೇಕು. ಕೆಂಚವ್ವ-ಗಿರಿಮಲ್ಲಪ್ಪ ಮೊಕದ್ದಮೆಯಲ್ಲಿ ಪ್ರಿವಿ ಕೌನ್ಸಿಲ್ ಹೀಗೆಂದದ್ದು 1924ರಲ್ಲಿ! 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮು ಕೊಲೆಗೆ ಕುಮ್ಮಕ್ಕು ಕೊಟ್ಟವರನ್ನೂ ಹೊರಗಿಟ್ಟಿತು.

ವರದಕ್ಷಿಣೆ ನಿಷೇಧ ಕಾಯ್ದೆಯಂತೂ ಎಲ್ಲ ಧರ್ಮದವರಿಗೂ ಅನ್ವಯ. ಮದುವೆಯಾದ 7 ವರ್ಷದೊಳಗೆ ಹೆಣ್ಣು ಅಸಹಜವಾಗಿ ಸತ್ತರೆ, ಕೊಟ್ಟ ವರದಕ್ಷಿಣೆ ಅವಳ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ತಂದೆತಾಯಿಗೆ ಸೇರಬೇಕು. 1986ರ ತಿದ್ದುಪಡಿ ಇದು. ಕೊಲೆ ಕೇಸು ತೀರಲಿ ಎಂದು ಆ ಕಲಮು ಎಲ್ಲೂ ಹೇಳಿಲ್ಲ. ಆದರೆ ಕೇಳದೆ ಯಾರೂ ಕೊಡುವುದಿಲ್ಲ. ಕೇಳಲು ಹೆತ್ತವರ ಜೊತೆ ಸಂಘವೇ ಹೋಗಲಿ. ಲಗ್ನದಲ್ಲಿ ಕೊಟ್ಟದ್ದರ ಪಟ್ಟಿ, ರಸೀದಿ ಮೊದಲು ಹುಡುಕಿಕೊಳ್ಳಿ.