ಅಂಗಡಿ ಕಟ್ಟೆಯಿಂದ: ಬಚ್ಚಲ ದಾರಿಯ ದೀಪ

ಕಳೆದ ಸಂಚಿಕೆಯಲ್ಲಿ ಶೇಂಗಾ ಎಣ್ಣೆಯ ವಿಷಯ ಬರೆದಿದ್ದೆವು. ಅದಕ್ಕೆ ಬಂದ ಪತ್ರಗಳಿಗೆ ಉತ್ತರ ಮುಂದಿನ ತಿಂಗಳು. ಈ ಸಲ ಮನೆಯ ಮಾತು. ಮನೆಯ ಮಾತನ್ನು ಪತ್ರಿಕೆಗೆ ಕೊಡಬೇಡಿ ಎಂದು ನಮ್ಮ ಮನೆಯವರು ಎರಡು ಬಾರಿ ಹೇಳಿದರು. ಆದರೂ ಇದೇ ಕೆಲಸ ಈಗ ಬಹಳ ಮನೆಗಳಲ್ಲಿ ನಡೆಯುತ್ತಿದೆಯಾದ್ದರಿಂದ ಬರೆಯುವುದೇ ಒಳ್ಳೆಯದೆಂದು ತೋರಿತು.

ನಮ್ಮ ಆದವಾನಿಯಲ್ಲಿ ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ ನೋಡಬೇಕು. ಅಂಗಳದ ದೀಪದ ಸುತ್ತ ರೆಕ್ಕೆಯ ಹುಳುಗಳು ಮೋಡ ಕವಿದಂತೆ ಕವಿಯುತ್ತವೆ. ಅಂಗಡಿ ಮುಚ್ಚಿ ಬಂದು, ಊಟದ ಹೊತ್ತು ಹೇಗೂ ಮೀರಿದ್ದರಿಂದ ನೀರಷ್ಟೇ ಕುಡಿದು ಮಲಗುವ ಗಡಿಬಿಡಿಯಲ್ಲಿ ಆ ದೀಪ ಆರಿಸುವುದನ್ನು ನಾವೆಲ್ಲರೂ ಮರೆಯುತ್ತಿದ್ದೆವು. ಬೆಳಿಗ್ಗೆ ಕಸ ಗುಡಿಸುವಾಗ ಮೊರದ ತುಂಬ ಸತ್ತ ಹುಳು. ನಮ್ಮ ತಾಯಿಯವರಿಗೆ ಎಂಬತ್ತಾರು ವರ್ಷ. ಚಾತುರ್ಮಾಸದಲ್ಲಿ ಆ ಮೊರ ಕಂಡಾಗಲೆಲ್ಲ ಅವರು ಏನೂ ಮಾತಾಡದೆ ಒಳಗೆ ಹೋಗಿ ಕುಳಿತುಬಿಡುತ್ತಿದ್ದರು. ಬೈದಿದ್ದರೆ ನಮಗೆ ಅಷ್ಟು ನೋವಾಗುತ್ತಿರಲಿಲ್ಲ.

2024ರ ಜೂನ್‌ನಲ್ಲಿ ಬಳ್ಳಾರಿಯಲ್ಲಿ ಓದುವ ನಮ್ಮ ಮೊಮ್ಮಗ ರಜೆಗೆ ಬಂದವನು, "ತಾತ, ದೀಪ ತಾನಾಗಿ ಆರುವ ಹಾಗೆ ಮಾಡಿಕೊಡುತ್ತೇನೆ, ಸಾವಿರ ರೂಪಾಯಿ ಒಳಗೇ ಆಗುತ್ತದೆ" ಎಂದ. ಸಾವಿರ ಎಂದೊಡನೆ ನಾವು ಒಪ್ಪಿದೆವು. ವ್ಯಾಪಾರಿಯ ಬುದ್ಧಿ.

ಅವನು ತಂದದ್ದು ಮೂರು ಸಾಮಾನು. ಒಂದು, ಮೈಕ್ರೋಕಂಟ್ರೋಲರ್ ಕೂಡಿಸಿದ ಬೋರ್ಡು, ಬೆಂಕಿಪೊಟ್ಟಣದ ಅಳತೆಯದು. ಲೆಕ್ಕ ಮಾಡುವುದು, ನೆನಪಿಡುವುದು, ತಂತಿಗೆ ಆಜ್ಞೆ ಕೊಡುವುದು ಮೂರನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿದ್ದಾರೆ. ಇಂಥ ಚಿಪ್ಪು ಹೊಸದೇನಲ್ಲ. ಇಂಟೆಲ್ ಕಂಪನಿಯ 8051 ಎಂಬುದು 1980ರಲ್ಲೇ ಬಂದಿತ್ತು. ಆದರೆ ಅದು ಇಂಜಿನಿಯರುಗಳ ಕೈಯಲ್ಲಿತ್ತು. 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನಲ್ಲಿ ವಿದ್ಯಾರ್ಥಿಗಳಿಗೆಂದು ಆರ್ಡುಯಿನೊ ಬೋರ್ಡು ಮಾಡಿದ ಮೇಲೆ ಹುಡುಗರ ಕೈಗೂ ಬಂತು. 2014ರಲ್ಲಿ ಶಾಂಘಾಯಿಯ ಎಸ್ಪ್ರೆಸಿಫ್ ಕಂಪನಿ ವೈ-ಫೈ ಇರುವ ಇ.ಎಸ್.ಪಿ. 8266 ಎಂಬ ಅಗ್ಗದ ಚಿಪ್ಪು ತಂದಿತು. ನಮ್ಮ ಮನೆಗೆ ಬಂದದ್ದು ಅದೇ.

ಎರಡನೆಯದು ನಾಲ್ಕು ರಿಲೇಗಳ ಪಟ್ಟಿ. ಚಿಪ್ಪಿನ ಕಾಲಿನಿಂದ ಬರುವುದು ಬರೇ 3.3 ವೋಲ್ಟು, ಮನೆಯ ದೀಪಕ್ಕೆ ಬೇಕಾದದ್ದು 230 ವೋಲ್ಟು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಚಿಪ್ಪು ಚೀಟಿ ಬರೆಯುವ ಗುಮಾಸ್ತ, ರಿಲೇ ಮೂಟೆ ಎತ್ತುವ ಹಮಾಲಿ. ರಿಲೇಯೊಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಅದಕ್ಕೆ 5 ವೋಲ್ಟು ಕೊಟ್ಟರೆ ಅಯಸ್ಕಾಂತವಾಗಿ ಒಂದು ಸಣ್ಣ ಸನ್ನೆಯನ್ನು ಎಳೆಯುತ್ತದೆ, ಟಕ್ ಎಂದು ಶಬ್ದವಾಗಿ ದೀಪದ ತಂತಿ ಕೂಡುತ್ತದೆ. ಅಮೆರಿಕದ ಜೋಸೆಫ್ ಹೆನ್ರಿ 1835ರ ಸುಮಾರಿಗೆ ಕಂಡುಕೊಂಡ ಉಪಾಯ ಇದು. ತಂತಿ ಕಚೇರಿಗಳು ನಡೆದದ್ದೂ ಇದರ ಮೇಲೆಯೇ.

ಮೂರನೆಯದು ಮನುಷ್ಯ ನಡೆದರೆ ಗುರುತಿಸುವ ಕಣ್ಣು. ಮೈಯ ಶಾಖ ಅಲ್ಲಾಡುವುದನ್ನು ಅದು ಕಾಣುತ್ತದಂತೆ. ಆದವಾನಿಯ ಬೇಸಿಗೆಯಲ್ಲಿ ಗೋಡೆಯ ಶಾಖವೂ ಮೈಯ ಶಾಖವೂ ಒಂದೇ ಆದಾಗ ಅದಕ್ಕೆ ಮಂಜು ಕವಿಯುತ್ತದೆ ಎಂಬುದು ಆಮೇಲೆ ತಿಳಿಯಿತು.

ರಿಲೇ ಎಷ್ಟು ಕರೆಂಟು ತಿನ್ನುತ್ತದೆ ಎಂದು ನಾವು ಮೊದಲೇ ಕೇಳಿದ್ದೆವು. ಒಂದರ ಸುರುಳಿಗೆ ಸುಮಾರು 0.36 ವಾಟು. ನಾಲ್ಕೂ ಹಗಲಿರುಳು ಎಳೆದುಕೊಂಡೇ ಇದ್ದರೂ ತಿಂಗಳಿಗೆ ಒಂದು ಯೂನಿಟ್ಟು. ಮರೆತು ಉರಿಯುವ 9 ವಾಟಿನ ಒಂದು ಎಲ್.ಇ.ಡಿ. ಬಲ್ಬು ರಾತ್ರಿ ಹನ್ನೆರಡು ಗಂಟೆಯಂತೆ ತಿಂಗಳಿಗೆ ಮೂರು ಯೂನಿಟ್ಟು ದಾಟುತ್ತದೆ. ಲೆಕ್ಕ ಸರಿಹೋಯಿತು. ಹುಡುಗನಿಗೆ ಭೇಷ್ ಎಂದೆವು.

ಅವನು ನಿಜಕ್ಕೂ ಚೆನ್ನಾಗಿಯೇ ಮಾಡಿದ. ಬಲ್ಬು ಬಿಳಿಯದನ್ನು ತೆಗೆದು ಹಳದಿಯದನ್ನು ಹಾಕಿದ, ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿಗೆ ಹುಳು ಹೆಚ್ಚು ಬರುತ್ತದೆ ಎಂದು. ಪ್ರತಿದಿನದ ಸೂರ್ಯಾಸ್ತವನ್ನು ಬೋರ್ಡೇ ಲೆಕ್ಕ ಹಾಕುವ ಹಾಗೆ ಮಾಡಿದ. ನಮ್ಮ ಊರಲ್ಲಿ ಅದು ನವೆಂಬರಿನಲ್ಲಿ ಐದೂ ಮುಕ್ಕಾಲರ ಸುಮಾರಿಗೆ, ಜುಲೈ ಆರಂಭದಲ್ಲಿ ಏಳಕ್ಕೆ ಸ್ವಲ್ಪ ಮುಂಚೆ, ಒಂದು ಗಂಟೆಗೂ ಮಿಕ್ಕಿದ ಅಂತರ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಊಟದ ಮನೆಯ ಸಣ್ಣ ದೀಪ ಒಮ್ಮೆ ಮಿನುಗಿ ಎಚ್ಚರಿಸುತ್ತಿತ್ತು. ನಮ್ಮ ತಾಯಿಯವರು ಪಂಚಾಂಗ ಹುಡುಕುವುದನ್ನೇ ಬಿಟ್ಟರು. ಬಂದವರಿಗೆಲ್ಲ ಆ ದೀಪ ತೋರಿಸುತ್ತಿದ್ದರು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಿತ್ತು. ಅದೇ ವರ್ಷ ದೀಪಾವಳಿಯ ಮುಂದೆ, ಮನೆಯಲ್ಲಿ ಮದುವೆ ಇದ್ದುದರಿಂದ ಗೋಡೆಗೆ ಬಣ್ಣ ಹೊಡೆಸಿದೆವು. ತಾಯಿಯವರ ಕೋಣೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ ಕರಿಮರದ ಹಳೆಯ ಸ್ವಿಚ್ ಬೋರ್ಡು ಇತ್ತು. ಕಣ್ಣಿನ ಯಂತ್ರ ಬಂದ ಮೇಲೆ ಅದನ್ನು ಯಾರೂ ಒತ್ತುತ್ತಿರಲಿಲ್ಲ. ಅಂದ ಕೆಡುತ್ತದೆ, ತೆಗೆದು ಮುಚ್ಚಿಬಿಡಿ ಎಂದು ಹೇಳಿದವರು ನಾವೇ. ಹುಡುಗ ಒಮ್ಮೆ "ಇರಲಿ ಬಿಡಿ ತಾತ" ಎಂದಿದ್ದ. ನಾವು ಕೇಳಲಿಲ್ಲ.

ಕಾರ್ತಿಕದ ಒಂದು ರಾತ್ರಿ ಕರೆಂಟು ಹೋಗಿ ಎರಡು ಗಂಟೆಗೆ ಬಂತು. ಅದೇ ರಾತ್ರಿ ಇಂಟರ್‌ನೆಟ್ಟಿನ ತಂತಿಯೂ ಎಲ್ಲೋ ಕಡಿದಿತ್ತು. ಬೋರ್ಡಿಗೆ ಸ್ವಂತ ಗಡಿಯಾರ ಇರಲಿಲ್ಲ. ಕರೆಂಟು ಬಂದೊಡನೆ ಗಂಟೆ ಎಷ್ಟು ಎಂದು ಇಂಟರ್‌ನೆಟ್ಟನ್ನು ಕೇಳಿ, ಉತ್ತರ ಬಂದ ಮೇಲೆಯೇ ಬೇರೆ ಕೆಲಸ ಹಿಡಿಯುವಂತೆ ಬರೆದಿದ್ದ. ಉತ್ತರ ಬರಲಿಲ್ಲ. ಬಾಗಿಲು ತೆರೆಯದ ಯಜಮಾನನ ಮುಂದೆ ನಿಂತ ಆಳಿನಂತೆ ಅದು ಕೇಳುತ್ತಲೇ ನಿಂತಿತು. ಕಣ್ಣು ಕಂಡದ್ದನ್ನು ಗಮನಿಸುವವರು ಯಾರೂ ಇಲ್ಲ. ಮೂರೂವರೆಗೆ ತಾಯಿಯವರು ಎದ್ದು ಓಣಿಗೆ ಬಂದಿದ್ದಾರೆ. ದೀಪ ಹತ್ತಲಿಲ್ಲ. ಅರವತ್ತು ವರ್ಷದ ರೂಢಿಯಂತೆ ಗೋಡೆ ತಡವಿದ್ದಾರೆ. ಅಲ್ಲಿ ನುಣ್ಣನೆಯ ಬಣ್ಣ. ಮುಂದೆ ಬಚ್ಚಲ ಮೆಟ್ಟಿಲು.

ಬಲಗೈ ಮಣಿಕಟ್ಟು ಮುರಿಯಿತು. ಸೊಂಟ ಉಳಿಯಿತು. ಆರು ವಾರ ಪಟ್ಟಿ. ಜಪಮಾಲೆಯನ್ನು ಎಡಗೈಯಲ್ಲಿ ಎಣಿಸಲು ಅವರಿಗೆ ಬರುತ್ತಿರಲಿಲ್ಲ, ಮಣಿ ತಪ್ಪಿ ಮತ್ತೆ ಮೊದಲಿಂದ ಹಿಡಿಯುತ್ತಿದ್ದರು. ಹುಡುಗ ಬಳ್ಳಾರಿಯಿಂದ ಬಂದು ಎಲ್ಲವನ್ನೂ ಕಿತ್ತು ಹಾಕುತ್ತೇನೆಂದು ಸ್ಕ್ರೂಡ್ರೈವರ್ ಹಿಡಿದು ನಿಂತ. ಬೇಡ ಎಂದವರು ತಾಯಿಯವರೇ. "ಅಂಗಳದ ಹುಳು ಮತ್ತೆ ಸಾಯಬೇಕೇನೋ?" ಎಂದರು.

ನಮ್ಮ ಹಳೆಯ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆವು. ಮೊದಲೇ ಕರೆಯಲಿಲ್ಲ ಎಂಬ ಮುನಿಸು ಅವರಿಗೆ ಇತ್ತು, ತಪ್ಪೇನಿಲ್ಲ. ಅವರು ಮೊದಲು ನೋಡಿದ್ದು ಆರಿಸಿದ ಮೇಲೂ ಒಂದು ಬಲ್ಬು ಮಿಣುಕಾಗಿ ಹೊಳೆಯುತ್ತಿದ್ದುದನ್ನು. ನಾವು ಅದನ್ನು ಬಲ್ಬಿನ ದೋಷ ಎಂದುಕೊಂಡಿದ್ದೆವು. ರಿಲೇಯನ್ನು ಫೇಸ್ ತಂತಿಯ ಬದಲು ನ್ಯೂಟ್ರಲ್ ತಂತಿಗೆ ಕೂಡಿಸಿಬಿಟ್ಟಿದ್ದ. ದೀಪ ಆರಿದ್ದರೂ ಹೋಲ್ಡರಿನಲ್ಲಿ ಕರೆಂಟು ಇದ್ದೇ ಇರುತ್ತದೆ. ಬಲ್ಬು ಬದಲಿಸಲು ಕೈ ಹಾಕಿದವರ ಗತಿ ಏನು? ತಮ್ಮ ಮನೆಯಲ್ಲಿ ಮಕ್ಕಳು ಇಂಥದ್ದು ಮಾಡಿದ್ದರೆ ಇದೊಂದನ್ನು ಇಂದೇ ತಿಳಿದವರಿಂದ ನೋಡಿಸಬೇಕೆಂದು ಓದುಗರಲ್ಲಿ ವಿನಂತಿ. ಮೂವತ್ತು ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಕೂಡ ಆಗಲೇ ಹಾಕಿಸಿದೆವು.

ಬಚ್ಚಲ ಓಣಿಗೆ ಅವರು ಹೇಳಿದ ಉಪಾಯ ಸರಳ. ಹೊಸದೊಂದು ಸ್ವಿಚ್ಚು ಹಾಕಿ ಅದನ್ನು ರಿಲೇಗೆ ಪಕ್ಕದ ದಾರಿಯಾಗಿ, ಅದೇ ಫೇಸಿನಿಂದ ಕೊಟ್ಟರು. ರಿಲೇ ಕೂಡಿದರೂ ದೀಪ, ಸ್ವಿಚ್ಚು ಕೂಡಿದರೂ ದೀಪ. ಬೋರ್ಡು ಸತ್ತೇ ಹೋಗಿರಲಿ, ಕೈ ಒತ್ತಿದರೆ ಬೆಳಕು ಬರುತ್ತದೆ. ಮೆಟ್ಟಿಲ ಮೇಲಿನ ದೀಪಕ್ಕೆ ಬೇರೆ ರೀತಿ. ಕೆಳಗೊಂದು ಮೇಲೊಂದು ಟೂ-ವೇ ಸ್ವಿಚ್ಚು ಇರುತ್ತದಲ್ಲ, ಅದರಲ್ಲಿ ಒಂದರ ಜಾಗಕ್ಕೆ ರಿಲೇ. ರಿಲೇಗೂ ಮೂರು ತಿರುಪು, ಟೂ-ವೇ ಸ್ವಿಚ್ಚಿಗೂ ಮೂರು, ಸರಿಯಾಗಿ ಹೊಂದುತ್ತದೆ. ಆದರೆ ಇದರಲ್ಲಿ ದೀಪ ಉರಿಯುತ್ತಿದೆಯೋ ಆರಿದೆಯೋ ಬೋರ್ಡಿಗೆ ತಿಳಿಯದು, ಗಂಟೆ ನೋಡಿ ಆರಿಸಲು ಹೋಗಿ ಹತ್ತಿಸಿಬಿಡಬಹುದು. ಆದ್ದರಿಂದ ಮೆಟ್ಟಿಲಿನದನ್ನು ಫೋನಿಗೆ ಮಾತ್ರ ಬಿಟ್ಟೆವು.

ನಾಣ್ಯದಂಥ ಬ್ಯಾಟರಿ ಇರುವ ಗಡಿಯಾರದ ಚಿಪ್ಪು ಒಂದನ್ನು ಹುಡುಗ ಸೇರಿಸಿದ. ಈಗ ಬೋರ್ಡು ಯಾರನ್ನೂ ಗಂಟೆ ಕೇಳುವುದಿಲ್ಲ. ಕರೆಂಟು ಹೋಗಿ ಬಂದಾಗ ಯಾವ ರಿಲೇ ಹೇಗಿರಬೇಕೆಂದು ಅವನು ನಮ್ಮನ್ನೇ ಕೂರಿಸಿಕೊಂಡು ಬರೆದ. ಇಲ್ಲಿ ನಮಗೆ ಜಿನ್ನಿಂಗ್ ಮಿಲ್ಲು ನೆನಪಾಯಿತು. ಮಿಲ್ಲಿನ ಮೋಟಾರಿನ ಸ್ಟಾರ್ಟರ್ ಒಳಗಿರುವ ಕಾಂಟ್ಯಾಕ್ಟರ್ ಎಂದರೆ ರಿಲೇಯ ದೊಡ್ಡಣ್ಣ. ಕರೆಂಟು ಹೋದರೆ ಅದು ಬಿದ್ದುಹೋಗುತ್ತದೆ, ಮತ್ತೆ ಬಂದರೂ ಹಸಿರು ಗುಂಡಿ ಒತ್ತುವವರೆಗೆ ಮೋಟಾರು ತಿರುಗದು. ಯಾರದಾದರೂ ಕೈ ಯಂತ್ರದೊಳಗೆ ಇದ್ದೀತು ಎಂದು ಹಾಗೆ ಇಟ್ಟಿದ್ದಾರೆ. ನಲವತ್ತು ವರ್ಷ ಅದನ್ನು ಕಣ್ಣಾರೆ ಕಂಡೂ ಮನೆಯ ದೀಪಕ್ಕೆ ಈ ಪ್ರಶ್ನೆ ಕೇಳಬೇಕೆಂದು ನಮಗೆ ಹೊಳೆದಿರಲಿಲ್ಲ. ಮೋಟಾರು ಆರಿಯೇ ಇರಬೇಕು, ಓಣಿಯ ದೀಪ ಹತ್ತಿಯೇ ಇರಬೇಕು. ಹಾಗೆಂದು ಬರೆಸಿದೆವು.

ಪುಣೆಯ ಸಂತೋಷ್ ಓಸ್ತ್ವಾಲ್ ಅವರ ನ್ಯಾನೋ ಗಣೇಶ್ ಎಂಬ ಪೆಟ್ಟಿಗೆಯ ವಿಷಯ ಕೆಲವರು ಕೇಳಿರಬಹುದು. ರೈತ ಮನೆಯಲ್ಲೇ ಕುಳಿತು ಮೊಬೈಲಿನಿಂದ ಹೊಲದ ಪಂಪು ನಡೆಸುತ್ತಾನೆ. ಅಜ್ಜ ರಾತ್ರಿ ಹೊಲಕ್ಕೆ ನಡೆಯುವ ಕಷ್ಟ ನೋಡಿ ಅವರು ಅದಕ್ಕೆ ಕೈಹಾಕಿದರಂತೆ. ರಾತ್ರಿ ಪಂಪಿನ ಕರೆಂಟು ಕಾದು ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವವರ ಪಾಡು ಆಲೂರು, ಪತ್ತಿಕೊಂಡದ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿಯೂ ಒಳಗೆ ಕೆಲಸ ಮಾಡುವುದು ಇದೇ ಗುಮಾಸ್ತ, ಇದೇ ಹಮಾಲಿ. ಪಂಪಿನ ಬಳಿ ಕೈಯಿಂದ ಒತ್ತುವ ಗುಂಡಿಯನ್ನು ಅಲ್ಲಿ ಯಾರೂ ಬಣ್ಣ ಹೊಡೆದು ಮುಚ್ಚುವುದಿಲ್ಲ.

ತಾಯಿಯವರ ಕೈ ಈಗ ಕೂಡಿದೆ, ಸ್ವಲ್ಪ ವಕ್ರವಾಗಿ. ಓಣಿಗೆ ಕಾಲಿಡುವ ಮೊದಲೇ ಕಣ್ಣು ದೀಪ ಹತ್ತಿಸುತ್ತದೆ. ಆದರೂ ಅವರು ಸ್ವಿಚ್ಚು ಒತ್ತಿಯೇ ಹೋಗುತ್ತಾರೆ, ಬರುವಾಗ ಮರೆಯದೆ ಆರಿಸುತ್ತಾರೆ. ಅಂಗಳದ ದೀಪ ಚಾತುರ್ಮಾಸ ಮುಗಿಯುವವರೆಗೆ ಎಂಟಕ್ಕೇ ಆರುತ್ತದೆ. ಎಂಟರ ಮೇಲೆ ನಮ್ಮ ಮನೆಗೆ ಬರುವ ಬಂಧುಗಳು ದಯಮಾಡಿ ಕೈಯಲ್ಲಿ ಟಾರ್ಚು ಹಿಡಿದು ಬರಬೇಕು. ಕಟ್ಟೆಯ ಎರಡನೆಯ ಮೆಟ್ಟಿಲ ಅಂಚು ಒಡೆದಿದೆ.