ಕಡಿಮೆ ಖರ್ಚಿನ ನಗರಯಾತ್ರೆ: ಮಲೆನಾಡಿನ ಮಕ್ಕಳಿಗೆ ಬೆಂಗಳೂರನ್ನು ತೋರಿಸುವ ಬಗೆ

ಬೇಸಿಗೆ ರಜೆ ಬಂತೆಂದರೆ ಪಟ್ಟಣದ ಕಾರುಗಳು ಸಾಲುಗಟ್ಟಿ ಬೆಟ್ಟ ಹತ್ತುತ್ತವೆ. ಹೋಂಸ್ಟೇಗಳು ತುಂಬುತ್ತವೆ, ಹಳ್ಳದ ದಂಡೆಗಳಲ್ಲಿ ಪ್ಲಾಸ್ಟಿಕ್ ತಟ್ಟೆ ಲೋಟಗಳು ಬೀಳುತ್ತವೆ. ಈ ಕುರಿತು ನಾವೆಲ್ಲ ಬೇಕಾದಷ್ಟು ಬರೆದಿದ್ದೇವೆ, ಭಾಷಣ ಮಾಡಿದ್ದೇವೆ. ಆದರೆ ಅದೇ ರಜೆಯಲ್ಲಿ ನಮ್ಮ ಮನೆಯ ಮಕ್ಕಳು ಕೇಳುವ ಪ್ರಶ್ನೆಯನ್ನು ಮಾತ್ರ ಜಾಣತನದಿಂದ ತಳ್ಳಿಹಾಕುತ್ತ ಬಂದಿದ್ದೇವೆ. "ಎಲ್ಲರೂ ಇಲ್ಲಿಗೆ ಬರ್ತಾರೆ, ನಾವು ಬೆಂಗಳೂರಿಗೆ ಹೋಗೋದು ಯಾವಾಗ ಅಪ್ಪಾ?"

ಒಂಬತ್ತನೆಯ ತರಗತಿಯ ನನ್ನ ಮಗಳೂ ಎಂಟನೆಯ ತರಗತಿಯ ಮಗನೂ ಈ ಪ್ರಶ್ನೆಯನ್ನು ಮೂರು ವರ್ಷ ಕೇಳಿದರು. ಮೂರು ವರ್ಷವೂ ನಾನು ಒಂದೇ ಉತ್ತರ ಕೊಟ್ಟೆ. ಅಲ್ಲೇನಿದೆ, ಹೊಗೆ, ಧೂಳು, ಗದ್ದಲ; ಜೊತೆಗೆ ವಿಪರೀತ ಖರ್ಚು. ಈ ಉತ್ತರದಲ್ಲಿ ಎರಡು ತಪ್ಪುಗಳಿದ್ದವು ಎಂಬುದು 2025ರ ಮೇ ತಿಂಗಳ ಮೊದಲ ವಾರದಲ್ಲಿ ನನಗೆ ಮನವರಿಕೆಯಾಯಿತು. ಮೊದಲನೆಯದು, ನಗರಯಾತ್ರೆಗೆ ವಿಪರೀತ ಖರ್ಚು ಅನಿವಾರ್ಯವೆಂಬುದು. ಎರಡನೆಯದು ಇನ್ನೂ ದೊಡ್ಡದು. ಇನ್ನೆರಡು ಮೂರು ವರ್ಷಗಳಲ್ಲಿ ಓದಿಗಾಗಿಯೋ ಕೆಲಸಕ್ಕಾಗಿಯೋ ನಮ್ಮ ಮಕ್ಕಳು ಆ ನಗರವನ್ನು ಸೇರಿಯೇ ಸೇರುತ್ತಾರೆ. ಹಾಗಿರುವಾಗ ಅವರಿಗೆ ನಗರದ ಮೊದಲ ಪರಿಚಯವನ್ನು ಜಾಹೀರಾತು ಮಾಡಿಸಬೇಕೋ, ನಾವು ಮಾಡಿಸಬೇಕೋ?

ನಾವು ನಾಲ್ವರು ಆರು ದಿನಗಳ ಪ್ರವಾಸಕ್ಕೆ ಏಳು ಸಾವಿರ ರೂಪಾಯಿಯ ಮಿತಿ ಹಾಕಿಕೊಂಡೆವು. ಹಣವನ್ನೂ ಲೆಕ್ಕದ ಪುಸ್ತಕವನ್ನೂ ಮಗಳ ಕೈಗೆ ಕೊಟ್ಟೆ. ಹದಿಮೂರು ಹದಿನಾಲ್ಕರ ಮಕ್ಕಳಿಗೆ 'ಇಷ್ಟೇ ದುಡ್ಡಿರುವುದು' ಎಂದು ಹೇಳುವುದಕ್ಕಿಂತ ಆ ದುಡ್ಡನ್ನೇ ಕೈಗಿಡುವುದು ಮೇಲು. ಹಟ ತಾನಾಗಿ ಅರ್ಧಕ್ಕಿಳಿಯುತ್ತದೆ. ಅವಳು ಬರೆದುಕೊಂಡ ಅಂದಾಜು ಹೀಗಿತ್ತು: ಊರಿನ ಬಸ್ಸಿಗೆ 1,400, ನಗರದ ಬಸ್ಸು ಹಾಗೂ ಮೆಟ್ರೊಗೆ 750, ಪ್ರವೇಶ ಶುಲ್ಕಗಳಿಗೆ 700, ಊಟ ತಿಂಡಿಗೆ 2,400, ಮಕ್ಕಳಿಬ್ಬರ ಸ್ವಂತ ಖರ್ಚಿಗೆ ತಲಾ 500, ಆಪತ್ತಿಗೆಂದು 750.

ಬಸ್ಸಿನ ಲೆಕ್ಕ ಇಷ್ಟು ಕಡಿಮೆಯಾಗಲು ಕಾರಣವಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ರಾಜ್ಯದ ಮಹಿಳೆಯರೂ ಬಾಲಕಿಯರೂ ಸಾರಿಗೆ ಸಂಸ್ಥೆಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಹಣ ಕೊಡದೆ ಪ್ರಯಾಣಿಸಬಹುದು. ಹೀಗಾಗಿ ಟಿಕೆಟ್ ಬೇಕಾದದ್ದು ನನಗೂ ಮಗನಿಗೂ ಮಾತ್ರ. ಹನ್ನೆರಡು ದಾಟಿದ ಹುಡುಗನಿಗೆ ಪೂರ್ಣ ಟಿಕೆಟ್ ಎಂದು ಕಂಡಕ್ಟರ್ ಹೇಳಿದಾಗ ಅವನಿಗಾದ ಹೆಮ್ಮೆಯನ್ನು ಅವನ ಅಕ್ಕನ ಶೂನ್ಯ ರೂಪಾಯಿಯ ಚೀಟಿ ಒಂದೇ ಕ್ಷಣದಲ್ಲಿ ಇಳಿಸಿತು.

ಮೂಡಿಗೆರೆಯಿಂದ ಬೇಲೂರು, ಹಾಸನ, ಚನ್ನರಾಯಪಟ್ಟಣದ ಮಾರ್ಗವಾಗಿ ಹೊರಟು ನೇರ ಬೆಂಗಳೂರಿಗೆ ಹೋಗಲಿಲ್ಲ. ಯಡಿಯೂರಿನಲ್ಲಿ ಇಳಿದು ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿರುವ ನನ್ನ ಅಕ್ಕನ ಮನೆಯಲ್ಲಿ ಎರಡು ದಿನ ತಂಗಿದೆವು. ಇದು ಖರ್ಚು ಉಳಿಸುವ ಉಪಾಯವೂ ಹೌದು, ಮಕ್ಕಳ ಕಣ್ಣನ್ನು ಹದಮಾಡುವ ಉಪಾಯವೂ ಹೌದು. ಅಡಕೆ, ಕಾಫಿ, ಮಳೆಯ ನಾಡಿನಿಂದ ಏಕಾಏಕಿ ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಮಗುವಿಗೆ ನಡುವಿನ ಬಯಲುಸೀಮೆ ಕಾಣುವುದೇ ಇಲ್ಲ. ಕಿಟಕಿಯಾಚೆ ಓಡುವ ತೆಂಗಿನ ಸಾಲಷ್ಟೇ ಅದು.

ಮಾರ್ಕೋನಹಳ್ಳಿಯ ಕಟ್ಟೆ ಮೈಸೂರು ಸಂಸ್ಥಾನದ ಕಾಲದ್ದು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿ ಬರುವ ಶಿಂಷಾ ನದಿಯನ್ನು ಇಲ್ಲಿ ತಡೆದಿದ್ದಾರೆ. ಇದರ ವೈಶಿಷ್ಟ್ಯವೆಂದರೆ ಸ್ವಯಂಚಾಲಿತ ಸೈಫನ್ ವ್ಯವಸ್ಥೆ. ನೀರು ತುಂಬು ಮಟ್ಟವನ್ನು ಮೀರಿದಾಗ ಬಾಗಿದ ಕೊಳವೆಯೊಳಗಿನ ಗಾಳಿ ಹೊರಹೋಗಿ ಕೊಳವೆ ತುಂಬ ನೀರು ನುಗ್ಗತೊಡಗುತ್ತದೆ. ಮಟ್ಟ ಇಳಿದು ಬಾಯಿಯಲ್ಲಿ ಗಾಳಿ ಹೊಕ್ಕಾಗ ತಾನಾಗಿ ನಿಲ್ಲುತ್ತದೆ. ಗೇಟು ಎತ್ತುವವರಿಲ್ಲ, ಇಳಿಸುವವರಿಲ್ಲ. ಶಾಲೆಯಲ್ಲಿ ಓದಿದ್ದ ಸೈಫನ್ ಪಾಠ ಮಗನಿಗೆ ಕಲ್ಲಿನ ಗಾತ್ರದಲ್ಲಿ ಕಂಡದ್ದು ಇಲ್ಲಿ, ಅದೂ ಒಂದು ರೂಪಾಯಿ ಖರ್ಚಿಲ್ಲದೆ.

ಆದರೆ ಇದೇ ಜಾಗದ ಬಗ್ಗೆ ಒಂದು ಎಚ್ಚರದ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಬೇಸಿಗೆಯಾದ್ದರಿಂದ ನಾವು ಹೋದಾಗ ಸೈಫನ್ ಹರಿಯುತ್ತಿರಲಿಲ್ಲ. ಐದು ತಿಂಗಳ ನಂತರ, 2025ರ ಅಕ್ಟೋಬರ್ 7ರಂದು, ಅಲ್ಲಿಗೆ ವಿಹಾರಕ್ಕೆ ಬಂದು ನೀರಿಗಿಳಿದಿದ್ದ ಒಂದು ಕುಟುಂಬದ ಹಲವರು ಹಠಾತ್ತನೆ ನುಗ್ಗಿದ ನೀರಿನಲ್ಲಿ ಕೊಚ್ಚಿಹೋಗಿ ಪ್ರಾಣ ಕಳೆದುಕೊಂಡರು. ಸುದ್ದಿ ಕೇಳಿದ ದಿನ ಮಗ ಊಟ ಮಾಡಲಿಲ್ಲ. ತಾನಾಗಿ ಚಾಲನೆಗೊಳ್ಳುವ ವ್ಯವಸ್ಥೆ ಕೆಳಗಿರುವವರನ್ನು ಕೇಳಿ ಹರಿಯುವುದಿಲ್ಲ. ಪುಕ್ಕಟೆ ಸಿಗುವ ಜಾಗಗಳಲ್ಲಿ ಕಾವಲುಗಾರರೂ ಕಡಿಮೆ, ಫಲಕಗಳೂ ಕಡಿಮೆ. ಆದ್ದರಿಂದ ಹಣ ಉಳಿಸುವ ಪ್ರವಾಸಕ್ಕೆ ಹೊರಡುವವರು ಜಾಗರೂಕತೆಯನ್ನು ಮಾತ್ರ ಉಳಿಸಕೂಡದು. ಕಟ್ಟೆಯ ಕೆಳಗಿನ ನೀರಿಗೆ ಮಕ್ಕಳನ್ನು ಇಳಿಸಲೇಬಾರದು, ಅದು ಎಷ್ಟೇ ಶಾಂತವಾಗಿ ಕಂಡರೂ.

ಅಕ್ಕನ ಮನೆಯಿಂದ ಹೊರಡುವಾಗ ಭಾವ ನಾಲ್ಕು ಎಳನೀರು ಕೆತ್ತಿಕೊಟ್ಟರು. ಮರುದಿನ ಬೆಂಗಳೂರಿನ ರಸ್ತೆಬದಿಯಲ್ಲಿ ಅದೇ ಗಾತ್ರದ ಎಳನೀರಿನ ಬೆಲೆ ಕೇಳಿದ ಮಗಳು ಲೆಕ್ಕದ ಪುಸ್ತಕ ತೆಗೆದಳು. ತೋಟದಲ್ಲಿ ತನ್ನ ಮಾವನಿಗೆ ಸಿಕ್ಕುವುದು ಅದರ ಅರ್ಧಕ್ಕಿಂತ ಕಡಿಮೆ ಎಂಬುದು ಅವಳಿಗೆ ಹಿಂದಿನ ರಾತ್ರಿಯಷ್ಟೇ ಗೊತ್ತಾಗಿತ್ತು. ಕೃಷಿ ಮಾರುಕಟ್ಟೆಯ ಕುರಿತು ನಾನು ಬರೆದ ವರದಿಗಳಾವುವೂ ಅವಳ ಮನಸ್ಸಿನಲ್ಲಿ ಇಷ್ಟು ಬೇಗ ಇಳಿದಿರಲಾರವು.

ಬೆಂಗಳೂರಿನಲ್ಲಿ ನನ್ನ ಹೆಂಡತಿಯ ಅಣ್ಣನ ಮನೆಯಲ್ಲಿ ಮೂರು ರಾತ್ರಿ ಉಳಿದೆವು. ಮೊದಲ ಸಂಜೆಯೇ ನನಗೊಂದು ಪಾಠವಾಯಿತು. ಪ್ರಯಾಣದ ಧೂಳು ತೊಳೆಯಲು ನಲ್ಲಿಯನ್ನು ಪೂರ್ತಿ ತಿರುಗಿಸಿ ನಿಂತಿದ್ದೆ. ಭಾವನ ಹನ್ನೊಂದು ವರ್ಷದ ಮಗಳು ಬಾಗಿಲಲ್ಲಿ ನಿಂತು ಸಂಕೋಚದಿಂದಲೇ, "ಮಾವಾ, ಸ್ವಲ್ಪ ಸಣ್ಣಕ್ಕೆ ಬಿಡಿ" ಎಂದಳು. 2024ರ ಮಾರ್ಚಿನಲ್ಲಿ ನಗರಕ್ಕೆ ನೀರಿನ ತೀವ್ರ ಅಭಾವ ಬಂದಾಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತ್ತು. ಆ ಬೇಸಿಗೆಯಲ್ಲಿ ಕಲಿತದ್ದನ್ನು ಆ ಮಗು ಮರೆತಿರಲಿಲ್ಲ. ನೀರಿನ ಬಗ್ಗೆ ನಗರದವರಿಗೆ ಬುದ್ಧಿ ಹೇಳುವ ನಾನು ನಲ್ಲಿ ತಿರುಗಿಸುವುದನ್ನು ಅವಳಿಂದ ಕಲಿತೆ.

ಆ ರಾತ್ರಿ ಮಕ್ಕಳೆಲ್ಲ ಸೇರಿ ನಲ್ಲಿಯ ನೀರಿನ ಜಾಡು ಹಿಡಿದರು. ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪುಗಳ ಬಲದಿಂದ ಏರಿ ಬರುವ ಕಾವೇರಿ ಅದು. 2024ರ ಅಕ್ಟೋಬರ್ 16ರಂದು ಐದನೆಯ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿನ ವ್ಯವಸ್ಥೆಯಾಯಿತು. ಹಾಗಾದರೆ ಅತ್ತೆಯ ಊರಿನ ಶಿಂಷಾ ಕೂಡ ಈ ನಲ್ಲಿಗೆ ಬರುತ್ತದೆಯೇ ಎಂದು ಮಗ ಕೇಳಿದ. ಇಲ್ಲ, ಶಿಂಷಾ ಕಾವೇರಿಯನ್ನು ಸೇರುವುದು ಬೆಂಗಳೂರಿಗೆ ನೀರೆತ್ತುವ ಜಾಗದಿಂದ ಕೆಳಗೆ. ಆದರೆ ಶರಾವತಿ ಬರಬೇಕೆಂದು ಕೆಲವರು ಬಯಸಿದ್ದುಂಟು. 2019ರಲ್ಲಿ ಲಿಂಗನಮಕ್ಕಿಯ ನೀರನ್ನು ನಗರಕ್ಕೆ ಒಯ್ಯುವ ಪ್ರಸ್ತಾವ ಬಂದು, ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಚರಿಸಿದ್ದನ್ನು ಹೇಳಿದೆ. ಎದುರಿಗೆ ಕುಳಿತ ಸೋದರ ಸಂಬಂಧಿ ಹುಡುಗಿಗೂ ಬಾಯಾರಿಕೆಯಾಗುತ್ತದೆ ಎಂಬುದನ್ನು ಕಂಡ ಮೇಲೆ ನನ್ನ ಮಕ್ಕಳಿಗೆ ಆ ಪ್ರಶ್ನೆ ಮೊದಲಿನಷ್ಟು ಸರಳವಾಗಿ ಉಳಿಯಲಿಲ್ಲ. ಉಳಿಯಬಾರದು ಕೂಡ.

ಇನ್ನು ದಿನಗಳ ಯೋಜನೆ. ಬೆಂಗಳೂರು ತಂಪಿನ ಊರೆಂಬ ನಂಬಿಕೆಯಲ್ಲಿ ಹೊರಡಬೇಡಿ. 2016ರ ಏಪ್ರಿಲಿನಲ್ಲಿ 39.2 ಡಿಗ್ರಿ, 2024ರ ಏಪ್ರಿಲ್ 28ರಂದು 38.5 ಡಿಗ್ರಿ ಸೆಲ್ಸಿಯಸ್ ಅಲ್ಲಿ ದಾಖಲಾಗಿವೆ. ಬೆಳಿಗ್ಗೆ ಮರಗಳ ಕೆಳಗೆ, ಮಧ್ಯಾಹ್ನ ಸೂರಿನಡಿ, ಸಂಜೆ ಮತ್ತೆ ಮರಗಳ ಕೆಳಗೆ ಎಂಬುದೇ ನಮ್ಮ ಸೂತ್ರವಾಗಿತ್ತು. ನಸುಕಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಯ ಹೂವಿನ ರಾಶಿಗಳು, ಬಳಿಕ ಲಾಲ್‌ಬಾಗು. ಹೈದರಾಲಿ 1760ರಲ್ಲಿ ಆರಂಭಿಸಿದ, ಈಗ 240 ಎಕರೆಗಳಷ್ಟಿರುವ ಆ ಸಸ್ಯೋದ್ಯಾನದಲ್ಲಿ ಮಕ್ಕಳನ್ನು ಹೆಚ್ಚು ಹೊತ್ತು ಹಿಡಿದಿಟ್ಟದ್ದು ಗಾಜಿನ ಮನೆಯಲ್ಲ, ಸುಮಾರು 300 ಕೋಟಿ ವರ್ಷ ವಯಸ್ಸಿನ ಬಂಡೆ. ಮಧ್ಯಾಹ್ನಕ್ಕೆ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯ, ಮರುದಿನ ನೆಹರೂ ತಾರಾಲಯ. ಸಂಜೆ ಕಬ್ಬನ್ ಪಾರ್ಕು, ಅದರೊಳಗಿನ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಕಟ್ಟಡದಲ್ಲಿರುವ ಕೇಂದ್ರ ಗ್ರಂಥಾಲಯ. ಓಡಾಟಕ್ಕೆ ಸಿಟಿ ಬಸ್ಸಿನ ದಿನದ ಪಾಸು, 2025ರ ಜನವರಿಯ ಏರಿಕೆಯ ನಂತರ 80 ರೂಪಾಯಿ. ಅದೇ ವರ್ಷದ ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ್ದರಿಂದ ಮೆಟ್ರೊ ಸವಾರಿಯನ್ನು ಎರಡು ಬಾರಿಗೆ ಸೀಮಿತಗೊಳಿಸಿದೆವು. ಮಧ್ಯಾಹ್ನದ ಬುತ್ತಿಗೆ ಮನೆಯ ಚಿತ್ರಾನ್ನ, ಸಂಜೆಗೆ ದರ್ಶಿನಿಯಲ್ಲಿ ನಿಂತು ತಿನ್ನುವ ದೋಸೆ.

ಮಾಲ್ ಬೇಡವೆಂದು ನಾನು ಹೇಳಲಿಲ್ಲ. ಬೇಡವೆಂದದ್ದು ಆ ವಯಸ್ಸಿನಲ್ಲಿ ದೇವಲೋಕವಾಗಿಬಿಡುತ್ತದೆ. ಕೊನೆಯ ದಿನ ಅವರವರ ಐನೂರು ರೂಪಾಯಿಯೊಡನೆ ಕಳುಹಿಸಿ ಹೊರಗೆ ಕಾದೆವು. ಮಗಳಿಗೆ ಬಹಳ ಇಷ್ಟವಾಯಿತು, ಅದನ್ನು ಮುಚ್ಚಿಡುವುದೇಕೆ? ಮಗ ಮಾತ್ರ ನೂರೆಂಬತ್ತು ರೂಪಾಯಿ ಉಳಿಸಿಕೊಂಡು ಬಂದು, "ತಣ್ಣಗಿದೆ ಅಪ್ಪಾ, ಆದ್ರೆ ಏನಾದ್ರೂ ತಗೊಂಡ್ರೆ ಮಾತ್ರ ಕೂರಕ್ಕೆ ಜಾಗ" ಎಂದ. ನಾನು ಈ ಲೇಖನದಲ್ಲಿ ಹೇಳಬೇಕೆಂದಿರುವುದನ್ನು ಅವನು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದ.

ನಗರದೊಳಗೆ ಎರಡು ನಗರಗಳಿವೆ. ಕೊಂಡರೆ ಮಾತ್ರ ಕೂರಿಸುವ ನಗರ ಒಂದು. ಬಂದವರನ್ನೆಲ್ಲ ಕೂರಿಸುವ ನಗರ ಇನ್ನೊಂದು. ಎರಡನೆಯದನ್ನು ಕಟ್ಟಿದ್ದು ಸಾರ್ವಜನಿಕರ ಹಣ. ಅದರಲ್ಲಿ ಕಾಫಿ ಬೆಳೆಗಾರನ ತೆರಿಗೆಯೂ ಇದೆ, ಕುಣಿಗಲ್ಲಿನ ರಾಗಿ ಹೊಲದವನ ತೆರಿಗೆಯೂ ಇದೆ. ಹೆಚ್ಚು ಹಣವಿಟ್ಟುಕೊಂಡು ಹೋದವರು ಮೊದಲನೆಯ ನಗರವನ್ನಷ್ಟೇ ನೋಡಿ ಬರುತ್ತಾರೆ. ಕಡಿಮೆ ಹಣ ನಮ್ಮನ್ನು ಎರಡನೆಯದಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಓಡಾಡಿದ ಮಗು ಅದನ್ನು ತನ್ನದೆಂದು ತಿಳಿಯುತ್ತದೆ, ಕೈ ಹಾಕುವವರು ಬಂದಾಗ ಕೇಳುತ್ತದೆ. ಹೆಬ್ಬಾಳ–ಸಿಲ್ಕ್ ಬೋರ್ಡ್ ಸುರಂಗ ರಸ್ತೆಗಾಗಿ ಲಾಲ್‌ಬಾಗಿನ ಒಂದು ಭಾಗವನ್ನು ಬಳಸುವ ವಿಷಯ 2025ರಲ್ಲಿ ವಿವಾದಕ್ಕೆ ಬಂದಾಗ ಪತ್ರಿಕೆಯನ್ನು ನನ್ನ ಮುಂದೆ ತಂದಿಟ್ಟವಳು ಮಗಳು. "ಆ ಬಂಡೆಗೇನಾದರೂ ಆಗುತ್ತದೆಯೇ?" ಎಂಬುದು ಅವಳ ಪ್ರಶ್ನೆ. ಆ ಬಂಡೆಯ ಮೇಲೆ ಕುಳಿತಿರದಿದ್ದರೆ ಅವಳು ಆ ಸುದ್ದಿಯನ್ನು ಓದುತ್ತಿರಲಿಲ್ಲ.

ಲೆಕ್ಕ ಮುಗಿಸೋಣ. ಆಪತ್ತಿನ ಹಣದಲ್ಲಿ ಮಗನಿಗೆ ಹೊಸ ಚಪ್ಪಲಿ ಕೊಳ್ಳಬೇಕಾಯಿತು. ಹಳೆಯದು ಎರಡನೆಯ ದಿನದ ನಡಿಗೆಗೇ ಕಿತ್ತುಹೋಯಿತು. ಆದ್ದರಿಂದ ಹೊರಡುವವರು ಮೊದಲು ಕಾಲಿನ ಕಡೆ ನೋಡಿಕೊಳ್ಳಿ. ಇಷ್ಟಾಗಿಯೂ ಊರಿಗೆ ಮರಳುವಾಗ ಪುಸ್ತಕದಲ್ಲಿ ಮುನ್ನೂರು ರೂಪಾಯಿ ಉಳಿದಿತ್ತು. ಆದರೆ ನಮ್ಮ ಉಳಿತಾಯದ ದೊಡ್ಡ ಪಾಲು ಬಂದದ್ದು ಅಕ್ಕನ ಮನೆ, ಭಾವನ ಮನೆಗಳಿಂದ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ನೆಂಟರಿಲ್ಲದವರು ಏನು ಮಾಡಬೇಕು?

ಇದಕ್ಕೆ ನಮ್ಮ ಬಳಗದ ಮುಂದೆ ನನ್ನದೊಂದು ಸಲಹೆಯಿದೆ. ಈ ಪತ್ರಿಕೆಯ ಓದುಗರು ಮಲೆನಾಡಿನಲ್ಲಿಯೂ ಇದ್ದಾರೆ, ನಗರದಲ್ಲಿಯೂ ಇದ್ದಾರೆ. ದಸರೆ ರಜೆಯಲ್ಲಿ ನಗರದ ಮನೆಗಳ ಮಕ್ಕಳು ನಮ್ಮ ಮನೆಗಳಿಗೆ ಬರಲಿ. ಹೋಂಸ್ಟೇಯ ಗಿರಾಕಿಗಳಾಗಿ ಅಲ್ಲ, ಮನೆಯ ಮಕ್ಕಳಾಗಿ. ಬೇಸಿಗೆಯಲ್ಲಿ ನಮ್ಮ ಮಕ್ಕಳು ಅವರ ಮನೆಗಳಲ್ಲಿ ನಾಲ್ಕು ದಿನ ಉಳಿಯಲಿ. ಅಕ್ಕಿ, ಹಲಸಿನ ಹಪ್ಪಳ, ಕಾಫಿಪುಡಿ ನಮ್ಮ ಚೀಲದಲ್ಲಿ ಹೋಗಲಿ, ಆತಿಥೇಯರಿಗೆ ಹೊರೆಯಾಗದಿರಲಿ. ಹತ್ತು ಮನೆಗಳಿಂದ ಆರಂಭಿಸಿದರೂ ಸಾಕು.

ನನ್ನ ಮಗ ಓದಲು ಬೆಂಗಳೂರಿಗೇ ಹೋಗುತ್ತೇನೆಂದು ಈಗ ಖಚಿತವಾಗಿ ಹೇಳುತ್ತಾನೆ. ಮೊದಲಾಗಿದ್ದರೆ ನನಗೆ ಬೇಸರವಾಗುತ್ತಿತ್ತು. ಹೋಗಲಿ. ಅಲ್ಲಿ ನಲ್ಲಿಯನ್ನು ಎಷ್ಟು ತಿರುಗಿಸಬೇಕೆಂಬುದು ಅವನಿಗೆ ಗೊತ್ತು.